ಕಡಲ ತೀರದ ಹೆಣ್ಣು, ಎಡೆದೊರೆಯ ಹೆಣ್ಣು

ಮಧ್ಯಕಾಲೀನ ಅರಬಿ, ಫಾರಸಿ ಬರಹಗಳಲ್ಲಿ ಕರ್ನಾಟಕದ ಹೆಣ್ಣಿನ ಚಿತ್ರಣವು ನೆಲೆಗೆ ತಕ್ಕಂತೆ ಬದಲಾಗುತ್ತದೆ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ತನ್ನ ಅರಬಿ ಪ್ರವಾಸಕಥನದಲ್ಲಿ ಅಲ್ಲಿನ ಮುಸ್ಲಿಂ ಸ್ತ್ರೀಯರು ಕುರಾನನ್ನು ಕಂಠಸ್ಥ ಮಾಡಿದ್ದರೆಂದೂ ಬಾಲಕಿಯರಿಗೆ 13, ಬಾಲಕರಿಗೆ 23 ಶಾಲೆಗಳಿದ್ದವೆಂದೂ ಬರೆಯುತ್ತಾನೆ. ಅವರ ಮೂಗುತಿಯನ್ನೂ ಆತ ಬಿಟ್ಟಿಲ್ಲ. ರಾಯಚೂರು, ಮಾನ್ವಿ, ದೇವದುರ್ಗಗಳನ್ನೊಳಗೊಂಡ ಎಡೆದೊರೆನಾಡಾದರೋ ಬಹಮನಿ, ವಿಜಯನಗರಗಳ ಕದನಭೂಮಿ. ಈ ನಾಡಿನ ಮುದಗಲ್ಲಿನ ಅಕ್ಕಸಾಲಿಗನ ಮಗಳು ಪರ್ತಾಲ್, ಫಿರಿಶ್ತಾನ ಫಾರಸಿ ಚರಿತ್ರೆಯಲ್ಲಿ 1406ರ ಯುದ್ಧಕ್ಕೆ ನೆಪವಾಗುತ್ತಾಳೆ. ಎರಡು ಶತಮಾನಗಳ ಅನಂತರ ಬಿಜಾಪುರದ ಆಶ್ರಯದಲ್ಲಿ ರಚಿತವಾದ ಈ ಕಥೆಯನ್ನು ಯಥಾವತ್ತಾಗಿ ಒಪ್ಪುವುದು ಕಷ್ಟ. ಆದರೆ ದೇವರಾಯನ ಬೇಡಿಕೆಯನ್ನು ಆಕೆ ನಿರಾಕರಿಸಿದಳೆಂಬುದೂ ಅದರಲ್ಲಿಯೇ ಇದೆ. ಕದನದ ಕಾರಣವನ್ನಷ್ಟೇ ಅರಸುವ ಓದು ಆ ನಿರಾಕರಣೆಯನ್ನು ದಾಟಿಹೋಗುತ್ತದೆ.