ಕೊಂಡದ್ದು ಒಂದು ಫೋನು, ಒಳಗೆ ಎಷ್ಟೊಂದು ಅಂಗಡಿ!

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಸೋದರಮಾವ ಕಳೆದ ದೀಪಾವಳಿಗೆ ಹೊಸ ಫೋನೊಂದನ್ನು ಕೊಂಡರು. ಪೆಟ್ಟಿಗೆ ಬಿಚ್ಚಿ, ಸಿಮ್ ಹಾಕಿ, ಒಂದು ಗಂಟೆ ಕಳೆಯುವುದರೊಳಗೆ ಅದನ್ನು ನನ್ನ ಮುಂದೆ ಹಿಡಿದು ಕೇಳಿದರು: "ನಾನು ಕೊಂಡದ್ದು ಒಂದು ಫೋನು. ಇದರಲ್ಲಿ ಇಷ್ಟೊಂದು ಅಂಗಡಿ ತೆರೆದವರು ಯಾರು?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆಟದ ಆ್ಯಪ್‌ಗಳು, ಸಾಮಾನು ಮಾರುವ ಆ್ಯಪ್‌ಗಳು, ಸುದ್ದಿಯವು, ಹಾಡಿನವು, ಜೊತೆಗೆ ಪರದೆಯ ಚಿತ್ರ ಬದಲಿಸಿಕೊಡುವುದೊಂದು. ಯಾವುದನ್ನೂ ಮಾವ ತಾವಾಗಿ ಹಾಕಿಕೊಂಡಿರಲಿಲ್ಲ. ಅರ್ಧ ಗಂಟೆಯ ಕೆಲಸವೆಂದು ಕುಳಿತವನಿಗೆ ಇಡೀ ಸಂಜೆ ಹಿಡಿಯಿತು. ಕೆಲವು ಅಳಿದವು, ಕೆಲವು ಜಪ್ಪಯ್ಯ ಎಂದರೂ ಅಳಿಯಲಿಲ್ಲ. ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಆ ಚಿತ್ರ ಬದಲಿಸುವ ಆ್ಯಪ್ ಫೋನಿನಲ್ಲಿರುವ ಹೆಸರು ಮತ್ತು ನಂಬರುಗಳ ಪಟ್ಟಿಯನ್ನು ನೋಡಲು ಅನುಮತಿ ಕೇಳಿತ್ತು. ಮಾವ 'ಅನುಮತಿಸಿ' ಎಂಬುದನ್ನು ಒತ್ತಿಬಿಟ್ಟಿದ್ದರು. "ಒತ್ತದಿದ್ದರೆ ಮುಂದಕ್ಕೆ ಹೋಗುವುದಿಲ್ಲವಲ್ಲ" ಎಂಬುದು ಅವರ ಸಮಜಾಯಿಷಿ.

ಆ ಪಟ್ಟಿಯಲ್ಲಿ ಮೂವತ್ತು ವರ್ಷಗಳ ವ್ಯಾಪಾರವಿತ್ತು. ಕಾಯಿ ಕೊಡುವ ರೈತರು, ಮಂಡಿಯವರು, ಬಾಕಿ ಉಳಿಸಿಕೊಂಡವರು, ಬೀಗರು, ವೈದ್ಯರು ಎಲ್ಲರೂ ಅದರಲ್ಲಿದ್ದರು. ಅಂಗಡಿಯ ಲೆಕ್ಕದ ಪುಸ್ತಕವನ್ನು ಪಕ್ಕದ ಅಂಗಡಿಯವನಿಗೂ ತೋರಿಸದ ಮನುಷ್ಯ ಇದನ್ನು ಗುರುತು ಪರಿಚಯವಿಲ್ಲದ ಯಾರಿಗೋ ಒಂದು ಬೆರಳಿನಲ್ಲಿ ಒಪ್ಪಿಸಿದ್ದರು. ನಗಬೇಕೆಂದುಕೊಂಡವನಿಗೆ ನನ್ನ ಫೋನಿನ ನೆನಪಾಯಿತು. ನಾನೂ ಹಾಗೆಯೇ ಒತ್ತುತ್ತ ಬಂದವನೇ.

ಈ 'ಅನುಮತಿ' ಎಂಬ ಏರ್ಪಾಡು ಎಲ್ಲಿಂದ ಬಂತು? ಅದು ನಮ್ಮನ್ನು ಎಷ್ಟರಮಟ್ಟಿಗೆ ಕಾಯುತ್ತದೆ? ಕೇಳದೆ ಬಂದ ಆ್ಯಪ್‌ಗಳು ಏಕೆ ಹೊರಗೆ ಹೋಗಲೊಲ್ಲವು?

ಒಂದು ಯಂತ್ರ, ಹಲವು ಒಕ್ಕಲು

ಇದರ ಮೂಲ ಹುಡುಕಿದರೆ ಅಮೆರಿಕದ ಬೆಲ್ ಪ್ರಯೋಗಾಲಯಕ್ಕೆ ಹೋಗಬೇಕಾಗುತ್ತದೆ. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅಲ್ಲಿ 'ಯುನಿಕ್ಸ್' ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕೆಲಸ ಆರಂಭಿಸಿದರು. ಆಗ ಕಂಪ್ಯೂಟರ್ ಎಂಬುದು ಬಲು ದುಬಾರಿ ವಸ್ತು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ಓದದಂತೆ, ತಿದ್ದದಂತೆ ನೋಡಿಕೊಳ್ಳಲು ಪ್ರತಿಯೊಬ್ಬ ಬಳಕೆದಾರನಿಗೂ ಒಂದೊಂದು ಸಂಖ್ಯೆ ಕೊಟ್ಟು, ಯಾವ ಸಂಖ್ಯೆಯವರು ಯಾವ ಕಡತವನ್ನು ಮುಟ್ಟಬಹುದೆಂದು ಯಂತ್ರವೇ ತಪಾಸಣೆ ಮಾಡುವ ಪದ್ಧತಿ ರೂಢಿಗೆ ಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ 'ಲಿನಕ್ಸ್' ಇದೇ ಪದ್ಧತಿಯನ್ನು ಅನುಸರಿಸಿತು.

ಆಂಡ್ರಾಯ್ಡ್ ನಿಂತಿರುವುದು ಈ ಲಿನಕ್ಸ್‌ನ ತಳಪಾಯದ ಮೇಲೆ. 2003ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹುಟ್ಟಿದ ಆ ಪುಟ್ಟ ಕಂಪನಿಯನ್ನು 2005ರಲ್ಲಿ ಗೂಗಲ್ ಕೊಂಡುಕೊಂಡಿತು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂತು. ಫೋನನ್ನು ಬಳಸುವುದು ಸಾಮಾನ್ಯವಾಗಿ ಒಬ್ಬರೇ. ಹಾಗಾದರೆ ಬಳಕೆದಾರರನ್ನು ಬೇರ್ಪಡಿಸುವ ಆ ಹಳೆಯ ಗೋಡೆಗಳಿಂದ ಪ್ರಯೋಜನವೇನು? ತಂತ್ರಜ್ಞರು ಇಲ್ಲೊಂದು ಜಾಣತನ ತೋರಿದರು. ಬಳಕೆದಾರನ ಸಂಖ್ಯೆಯನ್ನು ಮನುಷ್ಯರಿಗೆ ಕೊಡುವ ಬದಲು ಆ್ಯಪ್‌ಗಳಿಗೆ ಕೊಟ್ಟರು. ಫೋನಿನಲ್ಲಿ ನೀವು ಹಾಕಿಕೊಳ್ಳುವ ಪ್ರತಿ ಆ್ಯಪ್‌ಗೂ 10000ದಿಂದ ಆರಂಭವಾಗುವ ಒಂದು ಸಂಖ್ಯೆ ಸಿಗುತ್ತದೆ. ಯಂತ್ರದ ಕಣ್ಣಿಗೆ ಅದೊಂದು ಪ್ರತ್ಯೇಕ ಒಕ್ಕಲು. ಅದಕ್ಕೊಂದು ಕೋಣೆ ಉಂಟು, ಪಕ್ಕದ ಕೋಣೆಗೆ ಇಣುಕುವಂತಿಲ್ಲ. ಕ್ಯಾಮೆರಾ, ಮೈಕ್, ಸಂದೇಶಗಳು, ನೀವಿರುವ ಜಾಗದ ವಿವರ ಇವೆಲ್ಲ ಕೋಣೆಯ ಹೊರಗಿನ ವಸ್ತುಗಳು. ಅವು ಬೇಕಾದರೆ ಮನೆಯ ಯಜಮಾನನನ್ನು ಕೇಳಬೇಕು. ಅನುಮತಿ ಎಂದರೆ ಇಷ್ಟೆ.

ಯಾರೂ ಓದದ ಪಟ್ಟಿ

ಆದರೆ ಮೊದಲ ಏಳು ವರ್ಷ ಈ ಕೇಳುವ ಕ್ರಮ ಹೆಸರಿಗೆ ಮಾತ್ರ ಇತ್ತು. ಆ್ಯಪ್ ಹಾಕಿಕೊಳ್ಳುವಾಗಲೇ ಅದಕ್ಕೆ ಬೇಕಾದುದರ ಉದ್ದ ಪಟ್ಟಿಯೊಂದು ಕಾಣಿಸುತ್ತಿತ್ತು. ಎಲ್ಲಕ್ಕೂ ಒಪ್ಪಬೇಕು, ಇಲ್ಲವೇ ಆ್ಯಪ್ ಅನ್ನೇ ಬಿಡಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಏಡ್ರಿಯನ್ ಪೋರ್ಟರ್ ಫೆಲ್ಟ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಟ್ಟಿಯ ಕಡೆಗೆ ಗಮನ ಕೊಟ್ಟವರು ಶೇ. 17 ಮಂದಿ ಮಾತ್ರ. ಅದರ ಅರ್ಥದ ಬಗ್ಗೆ ಕೇಳಿದ ಮೂರೂ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರು ಶೇ. 3 ಮಂದಿ. ಮಾವನ ತಪ್ಪು ಮಾವನೊಬ್ಬರದಲ್ಲ!

ಇದರ ಪರಿಣಾಮ ಏನೆಂಬುದಕ್ಕೆ ಒಂದು ಟಾರ್ಚಿನ ಕಥೆ ಸಾಕು. 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಎಂಬ ಪುಕ್ಕಟೆ ಆ್ಯಪ್ ಫೋನಿನ ದೀಪ ಬೆಳಗಿಸುತ್ತಿತ್ತು. ಜೊತೆಗೆ, ಬಳಸುವವರು ಎಲ್ಲಿದ್ದಾರೆಂಬ ವಿವರವನ್ನೂ ಫೋನಿನ ಗುರುತನ್ನೂ ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು. ಷರತ್ತುಗಳನ್ನು ಒಪ್ಪುವ ಮೊದಲೇ ಅದು ಮಾಹಿತಿ ಕಳಿಸಲಾರಂಭಿಸಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರ ಡಿಸೆಂಬರಿನಲ್ಲಿ ಆರೋಪಿಸಿತು. ಆ್ಯಪ್ ತಯಾರಿಸಿದವರು ರಾಜಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಟಾರ್ಚಿಗೆ ಊರಿನ ವಿಳಾಸ ಏಕೆ ಬೇಕು ಎಂದು ಕೇಳುವವರೇ ಇರಲಿಲ್ಲ.

2015ರಲ್ಲಿ ಬಂದ ಆಂಡ್ರಾಯ್ಡ್ 6 ಈ ಪದ್ಧತಿಯನ್ನು ಬದಲಿಸಿತು. ಮುಖ್ಯವಾದ ಅನುಮತಿಗಳನ್ನು ಒಂದೊಂದಾಗಿ, ಅವು ಬೇಕಾದಾಗ ಮಾತ್ರ ಕೇಳುವ ಕ್ರಮ ಬಂತು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದೂ ಸಾಧ್ಯವಾಯಿತು. 2019ರಲ್ಲಿ, ಆ್ಯಪ್ ಬಳಸುತ್ತಿರುವಾಗ ಮಾತ್ರ ಸ್ಥಳ ತಿಳಿಸುವ ಆಯ್ಕೆ ಬಂತು. 2020ರಲ್ಲಿ 'ಈ ಬಾರಿ ಮಾತ್ರ' ಎಂಬುದು ಸೇರಿತು. ತಿಂಗಳುಗಟ್ಟಲೆ ಮುಟ್ಟದ ಆ್ಯಪ್‌ನ ಅನುಮತಿ ತಾನಾಗಿಯೇ ರದ್ದಾಗುವ ಏರ್ಪಾಡೂ ಆಗಲೇ ಬಂದದ್ದು. 2021ರ ಆಂಡ್ರಾಯ್ಡ್ 12ರಲ್ಲಿ ಕ್ಯಾಮೆರಾ ಅಥವಾ ಮೈಕ್ ಕೆಲಸ ಮಾಡುತ್ತಿದ್ದರೆ ಪರದೆಯ ಮೂಲೆಯಲ್ಲಿ ಹಸಿರು ಗುರುತು ಕಾಣಿಸತೊಡಗಿತು. ಅಧಿಸೂಚನೆ ಕಳಿಸಲೂ ಆ್ಯಪ್ ಕೇಳಬೇಕಾದದ್ದು 2022ರಿಂದ.

ಕೇಳದೆ ಸಿಗುವ ಒಂದು ಬಾಗಿಲು

ಇಷ್ಟೆಲ್ಲ ಆದಮೇಲೂ ಒಂದು ಬಾಗಿಲಿನ ಬಗ್ಗೆ ಆಂಡ್ರಾಯ್ಡ್ ನಮ್ಮನ್ನು ಕೇಳುವುದೇ ಇಲ್ಲ. ಅದು ಇಂಟರ್‌ನೆಟ್. ಆ್ಯಪ್ ತನಗೆ ಅಂತರ್ಜಾಲ ಬೇಕೆಂದು ತನ್ನ ಕಡತದಲ್ಲಿ ಬರೆದುಕೊಂಡಿದ್ದರೆ ಸಾಕು, ಅದು ದೊರೆಯುತ್ತದೆ. ಆದ್ದರಿಂದ ಹೆಸರುಗಳ ಪಟ್ಟಿಯನ್ನು 'ನೋಡಲು' ಕೊಟ್ಟ ಅನುಮತಿ, ಬಹುಮಟ್ಟಿಗೆ ಅದನ್ನು ಹೊತ್ತೊಯ್ಯಲು ಕೊಟ್ಟ ಅನುಮತಿಯೇ. ಅನುಮತಿಯನ್ನು ನಾಳೆ ಹಿಂದಕ್ಕೆ ಪಡೆಯಬಹುದು. ನಿನ್ನೆ ಹೋದ ಪಟ್ಟಿಯನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ.

ಇದರ ಬಿಸಿ ನಮ್ಮ ದೇಶಕ್ಕೆ ತಟ್ಟಿದ್ದು ದಿಢೀರ್ ಸಾಲದ ಆ್ಯಪ್‌ಗಳಿಂದ. ಸಾಲಗಾರನ ಫೋನಿನ ಹೆಸರುಗಳ ಪಟ್ಟಿಯನ್ನು ಎತ್ತಿಕೊಂಡು, ಕಂತು ತಪ್ಪಿದಾಗ ಅವನ ಬಂಧುಗಳಿಗೆ, ಕಚೇರಿಯವರಿಗೆ ಫೋನ್ ಮಾಡಿ ಮಾನ ಕಳೆಯುವುದು ಅವುಗಳ ವಸೂಲಿಯ ದಾರಿಯಾಗಿತ್ತು. ಹಲವು ಕಡೆ ಇದು ಆತ್ಮಹತ್ಯೆಯವರೆಗೂ ಹೋಯಿತು. ಕೊನೆಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಸಾಲದ ಆ್ಯಪ್‌ಗಳು ಹೆಸರುಗಳ ಪಟ್ಟಿ, ಕರೆಗಳ ದಾಖಲೆ, ಫೈಲುಗಳನ್ನು ಮುಟ್ಟಬಾರದೆಂದಿತು. ಕ್ಯಾಮೆರಾ, ಸ್ಥಳದಂಥವನ್ನು ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಂದ ಒಮ್ಮೆ ಮಾತ್ರ ಬಳಸಬಹುದು. 2023ರ ಮೇ ಅಂತ್ಯದಿಂದ ಗೂಗಲ್ ಕೂಡ ತನ್ನ ಪ್ಲೇ ಸ್ಟೋರ್‌ನ ಸಾಲದ ಆ್ಯಪ್‌ಗಳಿಗೆ ಇಂಥದೇ ನಿರ್ಬಂಧ ಹಾಕಿತು. ಆದರೆ ಸ್ಟೋರ್‌ನ ಹೊರಗಿನಿಂದ, ಯಾರೋ ಕಳಿಸಿದ ಕೊಂಡಿಯಿಂದ ಬರುವ ಆ್ಯಪ್‌ಗಳನ್ನು ಈ ನಿಯಮ ತಡೆಯಲಾರದು. ಮದುವೆ ಕರೆಯೋಲೆ, ದಂಡದ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳು ಹೀಗೆಯೇ ಒಳನುಗ್ಗುತ್ತವೆ. ಬ್ಯಾಂಕಿನ ಒಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಅದನ್ನು ಓದಲು ಬಿಟ್ಟರೆ ಮಿಕ್ಕದ್ದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಫೋನಿನ ಸೆಟ್ಟಿಂಗ್‌ಗಳಿಗೆ ಹೋಗಿ, ಗೌಪ್ಯತೆಯ ವಿಭಾಗದಲ್ಲಿ ಅನುಮತಿಗಳ ಪುಟ ತೆರೆಯಿರಿ. ಜಾಗದ ಹೆಸರು ಫೋನಿನಿಂದ ಫೋನಿಗೆ ಸ್ವಲ್ಪ ಬದಲಾಗಬಹುದು. ಮೈಕ್, ಸ್ಥಳ, ಸಂಪರ್ಕಗಳು, ಎಸ್ಸೆಮ್ಮೆಸ್ ಒಂದೊಂದರ ಕೆಳಗೂ ಅದನ್ನು ಪಡೆದ ಆ್ಯಪ್‌ಗಳ ಹೆಸರು ಇರುತ್ತದೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದರ ಕೆಲಸಕ್ಕೆ ಇದು ಬೇಕೆ? ನಕ್ಷೆಗೆ ಸ್ಥಳ ಬೇಕು, ಕ್ಯಾಲ್ಕುಲೇಟರಿಗೆ ಬೇಡ. ಅನುಮಾನವಿದ್ದರೆ ನಿರಾಕರಿಸಿ. ನಿಜವಾಗಿ ಬೇಕಿದ್ದರೆ ಅದು ಮತ್ತೆ ಕೇಳುತ್ತದೆ ಅಥವಾ ಕೆಲಸ ನಿಂತು ತಿಳಿಯುತ್ತದೆ. ಇನ್ನೂ ಎಚ್ಚರದಿಂದ ನೋಡಬೇಕಾದದ್ದು ವಿಶೇಷ ಪ್ರವೇಶಗಳನ್ನು. ಅದರಲ್ಲೂ 'ಆ್ಯಕ್ಸೆಸಿಬಿಲಿಟಿ' ಸೌಲಭ್ಯ. ಕಣ್ಣು ಕಾಣದವರಿಗೆ ಪರದೆಯನ್ನು ಓದಿಹೇಳಲೆಂದು ಇರುವ ಈ ಸೌಲಭ್ಯ ದುರುಳರ ಕೈಗೆ ಸಿಕ್ಕರೆ ಪರದೆಯ ಮೇಲಿನದೆಲ್ಲವನ್ನೂ ಓದುತ್ತದೆ, ನಿಮ್ಮ ಪರವಾಗಿ ತಾನೇ ಒತ್ತುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಬೀಗ ಹಾಕಿದ ಕೋಣೆ

ಇನ್ನು ಮಾವನ 'ಅಂಗಡಿಗಳ' ವಿಷಯ. ಫೋನಿನ ಸಂಗ್ರಹದಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ. ಒಂದು ನಮ್ಮದು. ಇನ್ನೊಂದು ವ್ಯವಸ್ಥೆಯದು. ಅದನ್ನು ಓದಬಹುದು, ತಿದ್ದುವಂತಿಲ್ಲ. ಹಾನಿಕಾರಕ ತಂತ್ರಾಂಶ ಫೋನಿನ ಬುಡಕ್ಕೇ ಕೈಹಾಕದಿರಲೆಂದು ಮಾಡಿದ ರಕ್ಷಣೆ ಅದು. ಕಾರ್ಖಾನೆಯಲ್ಲೇ ಆ ಭಾಗದೊಳಗೆ ಕೂರಿಸಿದ ಆ್ಯಪ್‌ಗಳಿಗೂ ಅದೇ ರಕ್ಷಣೆ ಸಿಗುತ್ತದೆ. ಬಾಡಿಗೆಗೆ ಬಂದ ಮನೆಯಲ್ಲಿ ಒಂದು ಕೋಣೆಗೆ ಬೀಗ ಹಾಕಿ ಮಾಲೀಕ ತನ್ನ ಸಾಮಾನು ಇಟ್ಟುಕೊಂಡಂತೆ. ವ್ಯತ್ಯಾಸವೆಂದರೆ, ಇಲ್ಲಿ ಮನೆಯನ್ನು ನಾವು ಪೂರ್ತಿ ಹಣ ಕೊಟ್ಟು ಕೊಂಡಿರುತ್ತೇವೆ.

ಅವು ಅಲ್ಲಿಗೆ ಬರುವುದು ಹಣದ ಕಾರಣಕ್ಕೆ. ಕಡಿಮೆ ಬೆಲೆಯ ಫೋನಿನಲ್ಲಿ ಲಾಭ ಅತ್ಯಲ್ಪ. ಆ್ಯಪ್ ಕಂಪನಿಗಳು ಕೊಡುವ ಹಣ ಆ ಕೊರತೆಯನ್ನು ತುಂಬುತ್ತದೆ. ಸ್ಪೇನಿನ ಸಂಶೋಧಕರ ಮುಂದಾಳತ್ವದ ತಂಡವೊಂದು 200ಕ್ಕೂ ಹೆಚ್ಚು ಕಂಪನಿಗಳ ಫೋನುಗಳಿಂದ 82,000ಕ್ಕೂ ಹೆಚ್ಚು ಪೂರ್ವಸ್ಥಾಪಿತ ತಂತ್ರಾಂಶ ಕಡತಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿತು. ಬಳಕೆದಾರರಿಗೆ ತಿಳಿಯದಂತೆ ಮಾಹಿತಿ ಸಂಗ್ರಹಿಸುವಂಥವು ಅವುಗಳಲ್ಲಿದ್ದವು. ಹೊಣೆ ಯಾರದೆಂಬುದೇ ಅಸ್ಪಷ್ಟವಾಗಿತ್ತು.

ತೆಗೆಯುವುದಕ್ಕೆ ಮೂರು ಹಂತಗಳಿವೆ. ನಮ್ಮ ಭಾಗದಲ್ಲಿ ಇಟ್ಟಿರುವ ಆ್ಯಪ್ ಆದರೆ 'ಅನ್‌ಇನ್‌ಸ್ಟಾಲ್' ಒತ್ತಿದರೆ ಮುಗಿಯಿತು. ವ್ಯವಸ್ಥೆಯ ಭಾಗದಲ್ಲಿದ್ದರೆ 'ನಿಷ್ಕ್ರಿಯಗೊಳಿಸಿ' ಎಂಬುದಷ್ಟೇ ಸಿಗುತ್ತದೆ. 2011ರ ಆಂಡ್ರಾಯ್ಡ್ 4ರಿಂದ ಈ ಸೌಕರ್ಯವಿದೆ. ಆ್ಯಪ್ ಅಲ್ಲೇ ಇರುತ್ತದೆ, ಆದರೆ ಓಡುವುದಿಲ್ಲ, ಕಾಣುವುದಿಲ್ಲ. ಅದರ ಅಪ್‌ಡೇಟ್‌ಗಳನ್ನು ತೆಗೆದರೆ ಒಂದಿಷ್ಟು ಜಾಗವೂ ಉಳಿಯುತ್ತದೆ. ಆ ಗುಂಡಿಯೂ ಇಲ್ಲದಿದ್ದರೆ, ಫೋನನ್ನು ಕಂಪ್ಯೂಟರಿಗೆ ಜೋಡಿಸಿ 'ಎಡಿಬಿ' ಎಂಬ ಸಲಕರಣೆಯಿಂದ ಅದನ್ನು ನಿಮ್ಮ ಮಟ್ಟಿಗೆ ತೆಗೆಯಬಹುದು. ಮೂಲ ಪ್ರತಿ ಬೀಗದ ಕೋಣೆಯಲ್ಲೇ ಇರುವುದರಿಂದ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಮತ್ತೆ ಬರುತ್ತದೆ. ಇದು ತಿಳಿದವರ ಜೊತೆ ಕುಳಿತು ಮಾಡಬೇಕಾದ ಕೆಲಸ. ಹೆಸರು ಅರ್ಥವಾಗದ ಯಾವುದನ್ನೂ ಮುಟ್ಟಬಾರದು. ಬೇಡವೆಂದು ಕಂಡದ್ದು ಬೇರೆ ಹತ್ತು ಆ್ಯಪ್‌ಗಳ ಆಧಾರಸ್ತಂಭವಾಗಿರಬಹುದು.

ನ್ಯಾಯದ ಬಾಗಿಲಲ್ಲಿ

ಗ್ರಾಹಕನ ಈ ಸಂಕಟ ಸರ್ಕಾರಗಳ ಕಿವಿಗೂ ಬಿದ್ದಿದೆ. ಯುರೋಪಿನ ಒಕ್ಕೂಟ 2022ರಲ್ಲಿ ಮಾಡಿದ ಡಿಜಿಟಲ್ ಮಾರುಕಟ್ಟೆ ಕಾಯಿದೆಯಂತೆ, ಅನಿವಾರ್ಯವಾದವನ್ನು ಬಿಟ್ಟು ಉಳಿದ ಆ್ಯಪ್‌ಗಳನ್ನು ಸುಲಭವಾಗಿ ತೆಗೆಯಲು ದೊಡ್ಡ ಕಂಪನಿಗಳು ಅವಕಾಶ ಕೊಡಲೇಬೇಕು. ನಮ್ಮಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಅದರ ಪೂರ್ವಸ್ಥಾಪಿತ ಆ್ಯಪ್‌ಗಳನ್ನು ತೆಗೆಯಲು ಗ್ರಾಹಕರಿಗೆ ಅಡ್ಡಿ ಮಾಡಬಾರದೆಂದೂ ಹೇಳಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತಾದರೂ ಈ ನಿರ್ದೇಶನವನ್ನು ರದ್ದುಪಡಿಸಿತು. ಕೇಳದೆ ತುಂಬುವ ಚಪಲ ಕಂಪನಿಗಳಿಗೆ ಮಾತ್ರ ಇಲ್ಲ. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ 'ಸಂಚಾರ್ ಸಾಥಿ' ಆ್ಯಪ್ ಅನ್ನು ಹೊಸ ಫೋನುಗಳಲ್ಲಿ ಕಡ್ಡಾಯವಾಗಿ ಕೂರಿಸಬೇಕೆಂದು ಕಂಪನಿಗಳಿಗೆ ಆದೇಶಿಸಿತ್ತು. ಕಳುವಾದ ಫೋನ್ ಪತ್ತೆಗೆ, ವಂಚನೆ ತಡೆಗೆ ನೆರವಾಗುವುದು ಅದರ ಉದ್ದೇಶ. ಆದರೂ ಕಡ್ಡಾಯಕ್ಕೆ ವಿರೋಧ ಎದ್ದಾಗ ಡಿಸೆಂಬರ್ 3ರಂದು ಅದನ್ನು ಕೈಬಿಡಲಾಯಿತು.

ಈ ವಾದಗಳ ಹಿಂದೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ಆ ಮೊಕದ್ದಮೆಯಲ್ಲೇ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ತಿರುಳೂ ಒಪ್ಪಿಗೆಯೇ. ಅದು ತಿಳಿದು ಕೊಟ್ಟ, ಸ್ವಇಚ್ಛೆಯ, ಹಿಂದಕ್ಕೆ ಪಡೆಯಬಹುದಾದ ಒಪ್ಪಿಗೆಯಾಗಿರಬೇಕು.

ಕಾಯಿದೆ ಕೋರ್ಟಿನಲ್ಲಿ ಕೆಲಸ ಮಾಡುತ್ತದೆ. ಪರದೆಯ ಮೇಲೆ ಕೆಲಸ ಮಾಡುವುದು ನಮ್ಮ ಬೆರಳು. ಮೊನ್ನೆ ತಿಪಟೂರಿಗೆ ಹೋದಾಗ ಮಾವನ ಫೋನಿನಲ್ಲಿ ಹೊಸ ಆ್ಯಪ್ ಒಂದು ಏನೋ ಕೇಳುತ್ತಿತ್ತು. ಮಾವ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ನನ್ನ ಮೈಕ್ ಇವನಿಗೆ ಯಾಕಂತೆ?" ಎಂದು ಗೊಣಗಿ, 'ಅನುಮತಿಸಬೇಡಿ' ಎಂಬುದನ್ನು ಒತ್ತಿದರು. ಆ್ಯಪ್ ಏನೂ ಆಗದಂತೆ ಮುಂದಕ್ಕೆ ಹೋಯಿತು.