ಹಣ್ಣಿನ ಸುತ್ತ ಬಿಳಿ ಗೆರೆ

ಕೊಟ್ಟಿಗೆಹಾರದಲ್ಲಿ ಮಳೆ ಹಿಡಿದರೆ ಹೊರಗೆ ಕೆಲಸವಿಲ್ಲ. ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಮೊನ್ನೆ ಪರಿಚಯದವರ ಕಾಫಿಪುಡಿ ಪೊಟ್ಟಣಕ್ಕೆ ಚಿತ್ರ ಮಾಡುತ್ತಿದ್ದೆ. ಕಳೆದ ಕೊಯ್ಲಿನಲ್ಲಿ ತೆಗೆದ ಕಾಫಿಹಣ್ಣಿನ ಫೋಟೋಗೆ ಫೋಟೋಶಾಪ್‌ನಲ್ಲಿ ವೆಕ್ಟರ್ ಮಾಸ್ಕ್ ಹಾಕಿ ಕಡುಹಸಿರಿನ ಮೇಲಿಟ್ಟರೆ, ಸುತ್ತ ಕೂದಲೆಳೆಯಷ್ಟು ಬಿಳಿ ಗೆರೆ!

ಮೊದಲು ಮಾಸ್ಕಿನ ಆಯ್ಕೆ ತೆಗೆದೆ. ಮಾಸ್ಕಿನ ಆಕಾರ ಹೇಳುವ ಪಾತ್ ಅನ್ನು ತೋರಿಸುವ ಗೆರೆ ಪರದೆಗಷ್ಟೇ, ಅಚ್ಚಿಗೆ ಬರುವುದಿಲ್ಲ. ಬಿಳಿ ಗೆರೆ ಹೋಗಲಿಲ್ಲ, ಅಂದರೆ ಇದು ಅದಲ್ಲ. ಲೇಯರ್ ಸ್ಟೈಲಿನಲ್ಲಿ ಸ್ಟ್ರೋಕ್ ಹುಡುಕಿದೆ, ಅದೂ ಇಲ್ಲ. ಕೊನೆಗೆ ಚಿತ್ರ ಹಿಗ್ಗಿಸಿದಾಗ ಕಳ್ಳ ಸಿಕ್ಕಿದ: ಪಾತ್ ಹಣ್ಣನ್ನು ದಾಟಿ, ಹಿಂದೆ ಹಾಸಿದ್ದ ಬಿಳಿ ಪಂಚೆಯನ್ನೂ ಒಳಗೆ ಸೇರಿಸಿಕೊಂಡಿತ್ತು. ಬೇಲಿಯನ್ನು ಒಳಕ್ಕೆ ಸರಿಸುವ ಹಾಗೆ ಪಾತಿನ ಬಿಂದುಗಳನ್ನು ಎರಡು ಪಿಕ್ಸೆಲ್ ಒಳಗೆಳೆದೆ; ಗೆರೆ ಮಾಯ.

ಇಂಥ ಗೆರೆಗೆ ಇನ್ನೊಂದು ಕಾರಣವೂ ಉಂಟು. ಪಾತ್ ಒಂದು ಪಿಕ್ಸೆಲ್‌ನ ಒಳಗೆ ಹಾದರೆ, ಅಂಚು ನುಣುಪಾಗಲೆಂದು ತಂತ್ರಾಂಶ ಆ ಚೌಕವನ್ನು ಅರೆಪಾರದರ್ಶಕ ಮಾಡುತ್ತದೆ. ನಮ್ಮೂರ ನೀರುದೋಸೆಯ ಅಂಚಿನಂತೆ ಅದರಡಿಯ ಬಣ್ಣ ಇಣುಕುತ್ತದೆ. ಎರಡು ತುಂಡು ಅಂಚಿಗೆ ಅಂಚು ಜೋಡಿಸಿದರೆ ಸಂದಿನಲ್ಲಿ ಗೆರೆ ಮೂಡುವುದು ಇದರಿಂದಲೇ. ಹಾಗಾಗದಿರಲು ಕೆಳಗಿನ ತುಂಡನ್ನು ಮೇಲಿನದರ ಅಡಿಗೆ ತುಸು ಚಾಚಿ. ಇದೇ ಕಾರಣಕ್ಕೆ, ಹಲವು ಲೇಯರ್‌ಗಳಿಗೆ ಒಂದೇ ಆಕಾರದ ಮಾಸ್ಕ್ ಬೇಕಿದ್ದರೆ, ಅವನ್ನು ಒಂದು ಗುಂಪು ಮಾಡಿ ಗುಂಪಿಗೊಂದೇ ಮಾಸ್ಕ್ ಹಾಕಿ.

ಪೊಟ್ಟಣ ಈಗ ಅಚ್ಚಿಗೆ ಹೋಗಿದೆ. ಮುಂದಿನ ಕೊಯ್ಲಿಗೆ ಹಣ್ಣಿನ ಹಿಂದೆ ಪಂಚೆ ಬೇಡ, ಹಸಿರು ಎಲೆಯೇ ಸಾಕು.