ಹಿಡಿಯಲೂ ಬೇಕು, ಬಿಡಲೂ ಬೇಕು: ಕಾರಿನ ಬ್ರೇಕ್ ಕ್ಯಾಲಿಪರ್

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗುವ ದಾರಿ ನಿಮಗೆ ಗೊತ್ತೇ ಇದೆ. ದಿಂಬಂ ಘಟ್ಟ ಇಳಿಯಬೇಕು. 27 ಹೇರ್‌ಪಿನ್ ತಿರುವುಗಳು. ಹತ್ತುವಾಗ ಕಷ್ಟ ಎಂಜಿನ್‌ಗೆ. ಇಳಿಯುವಾಗ ಕಷ್ಟ ಬ್ರೇಕಿಗೆ. ಅದಕ್ಕೇ ಈ ಸಲ ಬ್ರೇಕಿನ ಒಂದು ಭಾಗದ ಬಗ್ಗೆ ತಿಳಿಯೋಣ. ಅದರ ಹೆಸರು ಕ್ಯಾಲಿಪರ್. ಸ್ವಂತ ಕಾರು ಇರುವವರು, ಬಾಡಿಗೆ ಗಾಡಿ ಓಡಿಸುವವರು, ಅದರಲ್ಲಿ ಕೂತು ಹೋಗುವವರು, ಎಲ್ಲರಿಗೂ ಇದು ಬೇಕಾದ ವಿಷಯ.

ಸೈಕಲ್ ಬ್ರೇಕ್ ನೋಡಿದ್ದೀರಲ್ಲ? ಹಿಡಿ ಒತ್ತಿದರೆ ಎರಡು ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ಅಮುಕುತ್ತವೆ. ಚಕ್ರ ನಿಲ್ಲುತ್ತೆ. ಕಾರಿನಲ್ಲೂ ಹೆಚ್ಚುಕಮ್ಮಿ ಇದೇ ಉಪಾಯ. ಚಕ್ರದ ಒಳಗಡೆ ಒಂದು ಕಬ್ಬಿಣದ ತಟ್ಟೆ ಇರುತ್ತೆ. ಅದು ಚಕ್ರದ ಜೊತೆಗೇ ತಿರುಗುತ್ತೆ. ಅದೇ ಡಿಸ್ಕ್. ಬಿಸಿ ಪಾತ್ರೆಯನ್ನು ಇಕ್ಕಳ ಹಿಡಿಯುವ ಹಾಗೆ ಆ ಡಿಸ್ಕನ್ನು ಹಿಡಿಯುವುದೇ ಕ್ಯಾಲಿಪರ್. ಇಕ್ಕಳದ ಎರಡು ತುದಿಯಲ್ಲಿ ಇರುವುದು ಬ್ರೇಕ್ ಪ್ಯಾಡ್. ಸವೆಯುವುದು ಹೆಚ್ಚಾಗಿ ಪ್ಯಾಡೇ.

ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಎರಡು ಚಕ್ರಕ್ಕೆ ಮಾತ್ರ ಡಿಸ್ಕ್ ಇರುತ್ತೆ. ಹಿಂದಿನದಕ್ಕೆ ಡ್ರಮ್. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ಹಾಗಾಗಿ ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ.

ಪೆಡಲ್ ಮೇಲೆ ಕಾಲಿಟ್ಟರೆ ಆ ಬಲ ಚಕ್ರಕ್ಕೆ ಹೇಗೆ ತಲುಪುತ್ತೆ? ಆಸ್ಪತ್ರೆಯ ಎರಡು ಸಿರಿಂಜ್ ತಗೊಳ್ಳಿ. ಒಂದು ಚಿಕ್ಕದು, ಒಂದು ದಪ್ಪ. ಒಳಗೆ ನೀರು ತುಂಬಿ, ಮಧ್ಯೆ ಒಂದು ಟ್ಯೂಬ್ ಹಾಕಿ. ಚಿಕ್ಕದನ್ನು ಒತ್ತಿದರೆ ದಪ್ಪದ್ದು ಮೇಲೆ ಬರುತ್ತೆ, ಅದೂ ಹೆಚ್ಚು ಬಲದಿಂದ. ಬ್ರೇಕ್‌ನಲ್ಲಿ ನೀರಿನ ಬದಲು ಬ್ರೇಕ್ ಆಯಿಲ್ ಇದೆ. ಕ್ಯಾಲಿಪರ್ ಒಳಗೆ ಇರುವ ದಪ್ಪ ಪಿಸ್ಟನ್ ಹೊರಗೆ ಬಂದು ಒಳಗಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತೆ.

ಪಿಸ್ಟನ್ ಇರುವುದು ಒಂದೇ ಕಡೆ. ಹಾಗಾದ್ರೆ ಹೊರಗಡೆಯ ಪ್ಯಾಡನ್ನು ಒತ್ತೋದು ಯಾರು? ಇಲ್ಲೇ ಇರೋದು ಜಾಣತನ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುತ್ತೆ. ಪಿಸ್ಟನ್ ಈ ಕಡೆ ಒತ್ತಿದಾಗ ಇಡೀ ಕ್ಯಾಲಿಪರ್ ಸ್ವಲ್ಪ ಜಾರಿ ಆ ಕಡೆಯ ಪ್ಯಾಡನ್ನೂ ಎಳೆದು ತಂದು ಡಿಸ್ಕಿಗೆ ಅಮುಕುತ್ತೆ.

ಈಗ ಕಾಲು ತೆಗೆದಿರಿ. ಪಿಸ್ಟನ್ನಿನ ಸುತ್ತ ಒಂದು ರಬ್ಬರ್ ಉಂಗುರ ಇದೆ. ಪಿಸ್ಟನ್ ಮುಂದೆ ಹೋದಾಗ ಅದು ಸ್ವಲ್ಪ ತಿರುಚಿಕೊಂಡಿರುತ್ತೆ. ಒತ್ತಡ ಹೋದ ಕೂಡಲೇ ಅದು ಮೊದಲಿನ ಹಾಗೆ ಆಗುತ್ತೆ, ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ಅಷ್ಟೇ. ಪ್ಯಾಡನ್ನು ಬಿಡಿಸಲು ಬೇರೆ ದೊಡ್ಡ ಸ್ಪ್ರಿಂಗ್ ಏನೂ ಇಲ್ಲ. ಬ್ರೇಕ್ ಹಿಡಿಯಲ್ಲ ಅಂದ್ರೆ ಎಲ್ಲರೂ ಹೆದರುತ್ತಾರೆ. ಹಿಡಿದದ್ದು ಬಿಡಲ್ಲ ಅಂದ್ರೆ ಯಾರೂ ಗಮನಿಸಲ್ಲ. ನನ್ನ ಮಟ್ಟಿಗೆ ಎರಡೂ ಒಂದೇ ಅಪಾಯ.

ಪಿನ್ನಿನ ಮೇಲೆ ಒಂದು ರಬ್ಬರ್ ಟೋಪಿ ಇರುತ್ತೆ. ಅದು ಹರಿದರೆ ಒಳಗೆ ನೀರು, ಕೆಸರು ಹೋಗುತ್ತೆ. ತುಕ್ಕು ಹಿಡಿಯುತ್ತೆ. ಆಮೇಲೆ ಕ್ಯಾಲಿಪರ್ ಜಾರಲ್ಲ. ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಉಜ್ಜುತ್ತಾ ಇರುತ್ತೆ. ಗಾಡಿ ಎಳೆಯಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಸ್ಟೀರಿಂಗ್ ಒಂದು ಪಕ್ಕಕ್ಕೆ ಎಳೆಯುತ್ತೆ. ಒಂದು ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತೆ. ಬ್ರೇಕ್ ಹಾಕಿದಾಗ ಕೀಚ್ ಅಂತ ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಕರಕರ ಅಂತ ಕಬ್ಬಿಣ ಉಜ್ಜುವ ಸದ್ದು ಬಂದರೆ ಒಂದು ದಿನವೂ ಕಾಯಬೇಡಿ, ಪ್ಯಾಡ್ ಮುಗಿದು ಡಿಸ್ಕನ್ನೇ ತಿನ್ನುತ್ತಿರಬಹುದು.

ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತೆ. 3 ಮಿಲಿಮೀಟರ್‌ಗೆ ಬಂತು ಅಂದ್ರೆ ಬದಲಾಯಿಸಿ. ಎಡಕ್ಕೆ ಮಾತ್ರ ಹಾಕಿ ಬಲಕ್ಕೆ ಬಿಡಬಾರದು. ಎರಡೂ ಕಡೆ ಒಟ್ಟಿಗೇ ಹಾಕಿಸಬೇಕು. ಹಳೇ ಪ್ಯಾಡನ್ನು ಎಸೆಯುವ ಮೊದಲು "ಅಣ್ಣ, ಸ್ವಲ್ಪ ತೋರಿಸಿ" ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಒಂದೇ ಚಕ್ರದ ಒಳಗಿನ ಪ್ಯಾಡ್ ಪೂರ್ತಿ ಸವೆದು, ಹೊರಗಿನದು ದಪ್ಪಗೇ ಇದ್ದರೆ ಪಿನ್ ಹಿಡಿದುಕೊಂಡಿರಬಹುದು, ಇಲ್ಲವೇ ಪಿಸ್ಟನ್. ಅದನ್ನು ಸರಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ದುಡ್ಡು ದಂಡ.

ಪಿನ್ನುಗಳನ್ನು ಬಿಚ್ಚಿ, ಒರೆಸಿ, ಬ್ರೇಕಿಗೇ ಅಂತ ಬರುವ ಗ್ರೀಸ್ ಹಚ್ಚಬೇಕು. ಗಾಡಿಯ ಬೇರೆ ಕಡೆ ಹಚ್ಚುವ ಮಾಮೂಲಿ ಗ್ರೀಸ್ ಬೇಡ. ಅದಕ್ಕೆ ರಬ್ಬರ್ ಊದಿಕೊಳ್ಳುತ್ತೆ. ಪ್ಯಾಡ್ ಮೇಲೆ ಒಂದು ತೊಟ್ಟು ಎಣ್ಣೆ, ಗ್ರೀಸ್ ಬೀಳಬಾರದು. ಬಿಚ್ಚಿದ ಕ್ಯಾಲಿಪರನ್ನು ಅದರ ಟ್ಯೂಬಿನಲ್ಲೇ ನೇತುಹಾಕಬಾರದು, ತಂತಿಯಿಂದ ಕಟ್ಟಬೇಕು. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಹೊಸ ಪ್ಯಾಡ್ ಹಾಕಿದ ಮೇಲೆ, ಗಾಡಿ ಕದಲಿಸುವ ಮುಂಚೆ, ಪೆಡಲ್ ಗಟ್ಟಿಯಾಗುವ ತನಕ ಹತ್ತಾರು ಸಲ ಒತ್ತಿ. ಇಲ್ಲದಿದ್ದರೆ ಮೊದಲನೇ ಸಲ ಬ್ರೇಕ್ ಹಿಡಿಯೋದೇ ಇಲ್ಲ.

ಇನ್ನು ಬ್ರೇಕ್ ಆಯಿಲ್. ಹೆಸರು ಆಯಿಲ್, ಆದರೆ ಎಂಜಿನ್ ಆಯಿಲ್ ಬೇರೆ, ಇದು ಬೇರೆ. ಒಂದಕ್ಕೆ ಇನ್ನೊಂದು ಹಾಕಿದರೆ ಬ್ರೇಕಿನ ರಬ್ಬರ್ ಎಲ್ಲಾ ಹಾಳು. ಬಾನೆಟ್ ಎತ್ತಿದರೆ ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತೆ. ಅದರ ಮುಚ್ಚಳ ಓದಿ. ಡಾಟ್ 3 ಅಥವಾ ಡಾಟ್ 4 ಅಂತ ಇಂಗ್ಲಿಷಿನಲ್ಲಿ ಇರುತ್ತೆ. ಇಂಗ್ಲಿಷ್ ಬರದಿದ್ದರೂ ಅಂಕಿ ಓದೋಕೆ ನಿಮಗೆ ಬರುತ್ತೆ. ಅಂಗಡಿಯ ಡಬ್ಬಿಯ ಮೇಲೂ ಅದೇ ಅಂಕಿ ಇದೆಯಾ ನೋಡಿ. ಡಾಟ್ 5 ಬೇರೆ ಜಾತಿಯದು, ಬೆರೆಸಬೇಡಿ. ಡಬ್ಬಿಯ ಪಕ್ಕದಲ್ಲಿ ಎರಡು ಗೆರೆ ಇರುತ್ತವೆ. ಆಯಿಲ್ ಅವೆರಡರ ಮಧ್ಯೆ ಇರಬೇಕು. ಪ್ಯಾಡ್ ಸವೆದ ಹಾಗೆ ಅದು ನಿಧಾನವಾಗಿ ಇಳಿಯುತ್ತೆ. ದಿಢೀರನೆ ಇಳಿದರೆ ಎಲ್ಲೋ ಸೋರುತ್ತಿದೆ.

ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ ಇದೆ. 100 ಪಾಲಿನಲ್ಲಿ 4 ಪಾಲಿನಷ್ಟು ನೀರು ಸೇರಿದರೆ 140 ಡಿಗ್ರಿಗೇ ಕುದಿಯಬಹುದು. ಘಟ್ಟದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಕ್ಯಾಲಿಪರ್ ಅಷ್ಟು ಕಾಯೋದು ದೊಡ್ಡ ವಿಷಯ ಅಲ್ಲ. ಆಯಿಲ್ ಕುದ್ದರೆ ಆವಿ ಗುಳ್ಳೆ ಏಳುತ್ತೆ. ಕಾಲಿನ ಬಲ ಗುಳ್ಳೆ ಅಮುಕೋಕೇ ಖರ್ಚಾಗುತ್ತೆ. ಪೆಡಲ್ ಮೆತ್ತಗೆ ಕೆಳಗಿಳಿಯುತ್ತೆ, ಗಾಡಿ ನಿಲ್ಲಲ್ಲ. ಅದಕ್ಕೇ 2 ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸಿ. ಮೇಲೆ ಮೇಲೆ ತುಂಬಿಸಿದರೆ ಸಾಲದು.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳೀರಿ ಅಂತ ಹಳೇ ಡ್ರೈವರ್‌ಗಳು ಹೇಳೋದು ಸುಮ್ಮನೆ ಅಲ್ಲ. ಆಗ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ, ಬ್ರೇಕ್ ತಣ್ಣಗಿರುತ್ತೆ. ಡೀಸೆಲ್ ಉಳಿಯುತ್ತೆ ಅಂತ ಎಂಜಿನ್ ಆಫ್ ಮಾಡಿ ಇಳಿಸುವವರೂ ಇದ್ದಾರೆ. ಎಂಜಿನ್ ನಿಂತರೆ ಪೆಡಲ್‌ಗೆ ಸಿಗುವ ಸಹಾಯವೂ ನಿಲ್ಲುತ್ತೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನ ಹಾಗೆ ಆಗುತ್ತೆ. ಅಕಸ್ಮಾತ್ ಪೆಡಲ್ ಮೆತ್ತಗಾದರೆ ಗಾಬರಿ ಬೀಳಬೇಡಿ. ಬೇಗ ಬೇಗ ಒತ್ತಿ ಬಿಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ನಡೆಯೋದು ತಂತಿಯಿಂದ, ಆಯಿಲ್‌ನಿಂದ ಅಲ್ಲ.

ಘಟ್ಟ ಇಳಿದು ಬಣ್ಣಾರಿ ಅಮ್ಮನ ಗುಡಿ ಹತ್ತಿರ ಗಾಡಿ ನಿಲ್ಲಿಸುತ್ತೀರಲ್ಲ, ಆಗ ಮುಂದಿನ ಎರಡೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತೆ. ನೀರೂ ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಎರಡೂ ಒಂದೇ ಸಮ ಬಿಸಿ ಇದ್ದರೆ ಸರಿ. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಸತ್ಯಮಂಗಲದಲ್ಲೇ ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ಊರಿಗೆ ಹೊರಡಿ.